ಬಾಣಂತನಕ್ಕೆ ಬಂದ ಹಕ್ಕಿಗಳ ಊರಿನಲ್ಲಿ ಒಂದು ಭಾನುವಾರ

ಫೆಬ್ರುವರಿಯ ಕೊನೆಯ ಭಾನುವಾರ ಮನೆಮಂದಿಯೆಲ್ಲ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬಂದೆವು. ಮನೆಮಂದಿ ಎಂದರೆ 74 ವರ್ಷದ ಅಮ್ಮ, ನಮ್ಮವರು, ಆರನೇ ತರಗತಿಯಲ್ಲಿ ಓದುತ್ತಿರುವ ಮಗಳು ಮತ್ತು ನಾನು. ಅಪ್ಪ ಹೋದ ಮೇಲೆ ಅಮ್ಮ ಕೆಂಗೇರಿಯ ನಮ್ಮ ಮನೆಗೆ ಬಂದು ಮೂರು ವರ್ಷಗಳಾದವು. ಮಂಡಿನೋವಿನ ಕಾರಣದಿಂದ ಆಸ್ಪತ್ರೆ ಮತ್ತು ಬೀದಿಯ ಕೊನೆಯ ಗಣಪತಿ ಗುಡಿಯನ್ನು ಬಿಟ್ಟರೆ ಅವರು ಹೊರಗೆ ಕಾಲಿಟ್ಟಿದ್ದು ಬಹಳ ಕಡಿಮೆ. ಎಲ್ಲಿಗೆ ಕರೆದರೂ "ನೀವು ಹೋಗಿ ಬನ್ನಿ, ನಾನು ಕೆಂಚನ ಜೊತೆ ಇರ್ತೀನಿ" ಎನ್ನುವುದೇ ಅವರ ಉತ್ತರವಾಗಿತ್ತು. ಹೀಗಿರುವಾಗ ಒಂದು ಸಂಜೆ ಮಗಳು ಶಾಲೆಯ ಪ್ರಾಜೆಕ್ಟಿಗಾಗಿ ಹಕ್ಕಿಗಳ ಬಗ್ಗೆ ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಬೆಳ್ಳೂರಿನ ಜನ ತಮ್ಮೂರಿಗೆ ಗೂಡು ಕಟ್ಟಲು ಬರುವ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ ಎಂಬ ವಾಕ್ಯ ಬಂದಾಗ, ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, "ಆ ಊರು ಎಷ್ಟು ದೂರ ಇದೆ?" ಎಂದು ಕೇಳಿದರು. ತಾವಾಗಿ ಏನನ್ನೂ ಬೇಕೆಂದು ಕೇಳದ ಅಮ್ಮ ಹಾಗೆ ಕೇಳಿದ್ದರಿಂದ ಆ ರಾತ್ರಿಯೇ ದಿನ ಗೊತ್ತುಮಾಡಿದೆವು.

ಕೆಂಚನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂಬುದು ಮಾತ್ರ ಎರಡು ದಿನ ಚರ್ಚೆಯಾಯಿತು. ಕೆಂಚ ನಮ್ಮ ನಾಯಿ. 2019ರ ಮಳೆಗಾಲದಲ್ಲಿ ಬೀದಿಯಲ್ಲಿ ನಿಂತಿದ್ದ ಆಟೋ ಕೆಳಗೆ ನೆನೆದು ನಡುಗುತ್ತಿದ್ದ ಮರಿಯನ್ನು ನಮ್ಮವರು ಟವೆಲಿನಲ್ಲಿ ಸುತ್ತಿ ತಂದಿದ್ದರು. ಮೈಬಣ್ಣ ನೋಡಿ ಅಮ್ಮ ಫೋನಿನಲ್ಲೇ ಹೆಸರಿಟ್ಟರು. ಈಗ ಅಮ್ಮನ ಮಂಚದ ಪಕ್ಕವೇ ಅವನ ಜಾಗ. ಬೆಳಗಿನ ಮೊದಲ ಮಾತು, ರಾತ್ರಿಯ ಕೊನೆಯ ಬಿಸ್ಕತ್ತು ಎರಡೂ ಅವರಿಬ್ಬರ ನಡುವೆಯೇ ನಡೆಯುತ್ತವೆ. ಆದರೆ ಬೆಳ್ಳೂರಿನಲ್ಲಿ ಗೂಡಿನಿಂದ ಜಾರಿಬಿದ್ದ ಮರಿಗಳು ನೆಲದ ಮೇಲಿರುತ್ತವೆ, ಅವಕ್ಕೆ ನಾಯಿಗಳ ಭಯವಿರುತ್ತದೆ ಎಂದು ಮಗಳು ಓದಿ ಹೇಳಿದಾಗ ಅಮ್ಮನೇ ತೀರ್ಮಾನ ಮಾಡಿದರು: "ಬಾಣಂತಿಯರ ಮನೆಗೆ ಇವನು ಬೇಡ." ಎದುರುಮನೆಯವರು ಸಂಜೆಯವರೆಗೆ ನೋಡಿಕೊಳ್ಳಲು ಒಪ್ಪಿದರು.

ಬುತ್ತಿ ಕಟ್ಟಿಕೊಂಡು ಹೋಗುವುದರ ಸಂತೋಷವನ್ನು ಹೋಟೆಲಿನ ಊಟ ಎಂದೂ ಕೊಡಲಾರದು ಎಂದು ನಾನು ನಂಬಿದ್ದೇನೆ. ಅಂದು ಬೆಳಿಗ್ಗೆ ನಾನು ಐದು ಗಂಟೆಗೆ ಎದ್ದಾಗ ಅಮ್ಮ ಆಗಲೇ ಅಡುಗೆಮನೆಯಲ್ಲಿದ್ದರು. ಹಿಂದಿನ ದಿನವೇ ಕುದಿಸಿಟ್ಟಿದ್ದ ಪುಳಿಯೋಗರೆ ಗೊಜ್ಜನ್ನು ಆರಿದ ಅನ್ನಕ್ಕೆ ಕೈಯಿಂದಲೇ ಕಲಸುತ್ತ, ಅನ್ನ ಮುರಿಯಬಾರದು, ಗೊಜ್ಜು ಎಲ್ಲ ಅಗುಳಿಗೂ ಹತ್ತಬೇಕು ಎಂದು ಮೊಮ್ಮಗಳಿಗೆ ತೋರಿಸಿಕೊಡುತ್ತಿದ್ದರು. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಸ್ವಲ್ಪ. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೆಪ್ಪಾಗಿ ಹುಳಿಯೇರದೆ ಇರುವ ಲೆಕ್ಕವದು. ಜೊತೆಗೆ ಕರಿದ ಬಾಳಕದ ಮೆಣಸಿನಕಾಯಿ, ಅಕ್ಕಿ ಸಂಡಿಗೆ, ಒಂದು ಫ್ಲಾಸ್ಕ್ ಕಾಫಿ. ಒಗ್ಗರಣೆಯ ವಾಸನೆಗೆ ಕೆಂಚ ಅಡುಗೆಮನೆಯ ಹೊಸ್ತಿಲಿನ ಮೇಲೆ ಗದ್ದವಿಟ್ಟು ಮಲಗಿದ್ದ. ಅವನಿಗೆ ಎಲ್ಲವೂ ಅರ್ಥವಾಗಿತ್ತು ಎಂದು ಮಗಳು ಈಗಲೂ ಹೇಳುತ್ತಾಳೆ.

ಹೊಸ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ಮೈಸೂರು ರಸ್ತೆಯಲ್ಲೇ ಹೋದೆವು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ದಾಟಿ, ಮದ್ದೂರು ಬರುವ ಮೊದಲೇ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಮುಂದೆ ಹನ್ನೆರಡು ಹದಿಮೂರು ಕಿ.ಮೀ. ಹಳ್ಳಿಯ ದಾರಿ. ಕಬ್ಬು, ಹಿಪ್ಪುನೇರಳೆ, ತೆಂಗು, ಮನೆಗಳ ಪಕ್ಕದಲ್ಲಿ ರಾಗಿ ಹುಲ್ಲಿನ ಬಣವೆಗಳು. ಅಮ್ಮ ಕಿಟಕಿಯ ಗಾಜು ಇಳಿಸಿ, ಕಣಕ್ಕೂ ರಸ್ತೆಗೂ ವ್ಯತ್ಯಾಸವಿಲ್ಲದಂತೆ ಹುರುಳಿ ಹರಡಿದ್ದನ್ನು ಕಂಡು, "ಇನ್ನೂ ಹೀಗೇ ಮಾಡ್ತಾರೆ" ಎಂದು ತಮಗೆ ತಾವೇ ಹೇಳಿಕೊಂಡರು.

ಹಕ್ಕಿಧಾಮ ಎಂದರೆ ಬೇಲಿ, ಟಿಕೆಟ್ಟು, ದೋಣಿ ಎಂಬ ಕಲ್ಪನೆ ನನ್ನ ಮನಸ್ಸಿನಲ್ಲಿತ್ತು. ಬೆಳ್ಳೂರು ಹಾಗಿಲ್ಲ. ಅದು ಊರು, ಹಟ್ಟಿ, ಹಿತ್ತಲು, ನೀರಿನ ಟ್ಯಾಂಕು, ಅಂಗಡಿ ಎಲ್ಲ ಇರುವ ಮಂಡ್ಯ ಸೀಮೆಯ ಊರು. ಆ ಊರಿನ ಮನೆಗಳ ನಡುವೆ ನಿಂತಿರುವ ಹುಣಸೆ, ಆಲ, ಅರಳಿ ಮರಗಳ ನೆತ್ತಿಯ ಮೇಲೆ, ಕೆಳಗೆ ಬಟ್ಟೆ ಒಣಗುತ್ತಿದ್ದರೂ ಹಸು ಕಟ್ಟಿದ್ದರೂ ಲೆಕ್ಕಿಸದೆ, ಎರಡು ಬಗೆಯ ದೊಡ್ಡ ಹಕ್ಕಿಗಳು ಸಂಸಾರ ಹೂಡಿರುತ್ತವೆ. ಒಂದು, ಹೆಜ್ಜಾರ್ಲೆ: ಬೂದುಬಿಳಿ ಮೈ, ಕೊಕ್ಕಿನ ಕೆಳಗೆ ಜೋಳಿಗೆಯಂಥ ಚೀಲ, ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕ ರೆಕ್ಕೆ. ಇನ್ನೊಂದು, ಬಣ್ಣದ ಕೊಕ್ಕರೆ: ಹಳದಿ ಕೊಕ್ಕು, ಎದೆಯ ಮೇಲೆ ಕಪ್ಪು ಬಿಳಿ ಪಟ್ಟಿ, ಬಾಲದ ಹತ್ತಿರ ಯಾರೋ ಸೆರಗು ಇಳಿಬಿಟ್ಟಂಥ ಗುಲಾಬಿ ಗರಿಗಳು. ಚಳಿಗಾಲದಲ್ಲಿ ಬಂದು, ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಹಾರುವಷ್ಟು ಬೆಳೆಸಿ, ಮುಂಗಾರಿನ ಹೊತ್ತಿಗೆ ಹೊರಟುಬಿಡುತ್ತವೆ. ಹತ್ತಿರದಲ್ಲೇ ಶಿಂಷಾ ನದಿ ಇದೆ, ತೈಲೂರು ಕೆರೆ ಇದೆ. ಮರಿಗಳಿಗೆ ಬೇಕಾದ ಮೀನು ಅಲ್ಲಿಂದ ಬರುತ್ತದೆ.

ಬೈನಾಕ್ಯುಲರ್ ತಂದಿದ್ದೆವು, ಆದರೆ ಅಮ್ಮನಿಗೆ ಅದು ಬೇಕಾಗಲೇ ಇಲ್ಲ. ಒಂದು ಹುಣಸೆಮರದ ಎದುರು ಮನೆಯ ಜಗಲಿಯ ಮೇಲೆ ಕೂರಿಸಿದೆವು. ಅಲ್ಲಿಂದ ಬರಿಗಣ್ಣಿಗೇ ಗೂಡಿನೊಳಗಿನ ವ್ಯವಹಾರವೆಲ್ಲ ಕಾಣುತ್ತಿತ್ತು. ತಾಯಿ ಹೆಜ್ಜಾರ್ಲೆ ಬಂದು ಇಳಿಯುತ್ತಲೇ ಮರಿಗಳು ಅದರ ಬಾಯಿಗೇ ತಲೆ ತೂರಿಸಿ, ಗಂಟಲ ಚೀಲದೊಳಗಿನ ಮೀನನ್ನು ಎಳೆದುಕೊಳ್ಳುತ್ತಿದ್ದವು; ಒಂದು ಕ್ಷಣ ಮರಿಯ ಕುತ್ತಿಗೆ ಪೂರ್ತಿ ಕಾಣದಾದಾಗ ಮಗಳು ಗಾಬರಿಯಿಂದ ನನ್ನ ಕೈ ಹಿಡಿದಳು. ಕೊಕ್ಕರೆಗಳ ರೀತಿ ಬೇರೆ. ದೊಡ್ಡವು ಹೆಚ್ಚು ಕೂಗುವುದಿಲ್ಲ, ಕೊಕ್ಕಿಗೆ ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತವೆ. ಗಲಾಟೆಯೆಲ್ಲ ಮರಿಗಳದ್ದು. ಆ ಮರಿಗಳ ಮೈಮೇಲೆ ಇನ್ನೂ ಗುಲಾಬಿಯೂ ಇಲ್ಲ, ಹಳದಿಯೂ ಇಲ್ಲ. ಮಾಸಲು ಬಣ್ಣ ಮಾತ್ರ. ಹನ್ನೊಂದರ ಬಿಸಿಲು ಏರಿದಾಗ ನಾನು ಮರೆಯಲಾರದ ನೋಟವೊಂದು ಕಂಡಿತು. ಒಂದು ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಎರಡೂ ರೆಕ್ಕೆಗಳನ್ನು ಕೊಡೆಯಂತೆ ಅರ್ಧ ಬಿಚ್ಚಿ, ಆ ನೆರಳಿನಲ್ಲಿ ಮೂರು ಮರಿಗಳನ್ನು ಇಟ್ಟುಕೊಂಡಿತ್ತು. ಹೊತ್ತು ಸರಿದಂತೆ ತಾನೂ ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು. ನಾವು ನೋಡುತ್ತಿದ್ದ ಮುಕ್ಕಾಲು ಗಂಟೆಯೂ ಅದು ರೆಕ್ಕೆ ಮಡಿಸಲಿಲ್ಲ. ಅಮ್ಮ ಒಂದು ಮಾತೂ ಆಡದೆ ಅದನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಆ ಮನೆಯ ಅಜ್ಜಿ ಹೊರಬಂದು, ಅಮ್ಮನಿಗೆ ಒಂದು ಚೊಂಬು ನೀರು ಕೊಟ್ಟು, ಪಕ್ಕದಲ್ಲೇ ಕುಳಿತರು.

"ಎಲ್ಲಿಂದ ಬಂದ್ರವ್ವ?"

"ಕೆಂಗೇರಿಯಿಂದ ತಾಯಿ. ಹಕ್ಕಿ ನೋಡೋಣ ಅಂತ ಬಂದ್ವಿ."

"ನೋಡಿ, ಕೂತ್ಕಂಡು ನೋಡಿ. ನಮ್ಮನೆ ಹೆಣ್ಮಕ್ಕಳಂಗೆ ಬತ್ತವೆ, ಮರಿ ಮಾಡ್ಕಂಡು ಓಯ್ತವೆ."

ಮಗಳಿಗೆ ಮೊದಲಿನಿಂದಲೂ ಒಂದು ಪ್ರಶ್ನೆಯಿತ್ತು. ಮರದ ಕೆಳಗೆಲ್ಲ ಬಿಳಿ ಹಿಕ್ಕೆ, ಬಿದ್ದ ಮೀನಿನ ಚೂರು, ಮೂಗಿಗೆ ಹೊಡೆಯುವ ವಾಸನೆ. ನಾನು ಕಣ್ಣಿನಲ್ಲೇ ತಡೆದರೂ ಅವಳು ಕೇಳಿಯೇಬಿಟ್ಟಳು: "ಅಜ್ಜಿ, ಇಷ್ಟೊಂದು ವಾಸನೆ ಬರುತ್ತಲ್ಲ, ನಿಮಗೆ ಕಷ್ಟ ಆಗಲ್ವಾ?"

ಅಜ್ಜಿ ನಕ್ಕು, "ಬಾಣಂತಿ ಇರೋ ಮನೇಲಿ ವಾಸ್ನೆ ಇರಾಕಿಲ್ವಾ ಮಗ?" ಎಂದರು.

ಅಮ್ಮ ಜೋರಾಗಿ ನಕ್ಕರು. ಅವರು ಹಾಗೆ ನಗುವುದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಅನಂತರ ಇಬ್ಬರೂ ಹಕ್ಕಿಗಳನ್ನು ನೋಡುತ್ತಲೇ ತಾವು ಮಾಡಿದ ಬಾಣಂತನಗಳ ಮಾತಿಗಿಳಿದರು. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹೆಚ್ಚಾಗಿ ಹಾಕಿದ ಮೆಣಸಿನ ಸಾರು, ಸೊಂಟಕ್ಕೆ ಬಿಗಿಯುವ ಹಳೆಯ ಸೀರೆ, ಎಳೆಯ ಮಗುವಿನ ಹೊಟ್ಟೆನೋವಿಗೆ ಬಜೆ. ಅಮ್ಮ ಮೂವರು ಹೆಣ್ಣುಮಕ್ಕಳದ್ದು, ಒಬ್ಬ ಸೊಸೆಯದ್ದು ಸೇರಿ ಐದು ಬಾಣಂತನ ಮಾಡಿದವರು. ಆ ಅಜ್ಜಿ ತಮ್ಮದನ್ನು ಲೆಕ್ಕ ಹಾಕಲು ಬೆರಳು ಸಾಲದೆ ಬಿಟ್ಟುಬಿಟ್ಟರು.

ಊರವರ ಈ ಮಾತು ಕೇವಲ ಬಾಯಿಮಾತಲ್ಲ, ಅದಕ್ಕೆ ಅವರು ಬೆಲೆ ತೆರುತ್ತಾರೆ ಎಂಬುದು ನನ್ನನ್ನು ಬಹಳವಾಗಿ ತಟ್ಟಿತು. ಗೂಡಿರುವ ಹುಣಸೆಮರದ ಫಸಲನ್ನು ಬಡಿಯುವಂತಿಲ್ಲ. ಫೆಬ್ರುವರಿ, ಮಾರ್ಚ್ ಎಂದರೆ ಹುಣಸೆಹಣ್ಣು ಇಳಿಸುವ ಕಾಲ. ಅದೇ ಹೊತ್ತಿಗೆ ಮರದ ಮೇಲೆ ಮರಿಗಳಿರುತ್ತವೆ. ಕೈಗೆ ಬರಬೇಕಾದ ಹಣವನ್ನು ಮನೆಯವರು ಬಿಡುತ್ತಾರೆ. ಇದಕ್ಕಾಗಿ ಅರಣ್ಯ ಇಲಾಖೆ ಮರಗಳ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಇದೆ. ಪ್ರತಿಯಾಗಿ ಹಕ್ಕಿಗಳು ಕೊಡುವುದು ಗೊಬ್ಬರವನ್ನು. ಮರದ ಬುಡದಲ್ಲಿ ಬಿದ್ದ ಹಿಕ್ಕೆಯನ್ನು ಗೋಡುಮಣ್ಣಿನೊಂದಿಗೆ ಬೆರೆಸಿ ಹೊಲಕ್ಕೆ ಹಾಕುವುದು ಇಲ್ಲಿನ ಹಳೆಯ ರೂಢಿ. ಮೊದಲು ಊರು ಶಿಂಷಾ ದಡದಲ್ಲಿತ್ತಂತೆ. ಪ್ಲೇಗು ಬಂದ ಕಾಲದಲ್ಲಿ ಜನ ಆ ಜಾಗ ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಅಜ್ಜಿ ತಮ್ಮ ಅತ್ತೆಯಿಂದ ಕೇಳಿದ್ದನ್ನು ಹೇಳಿದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕಾಡಿನ ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ಊರಿನ ಕಾನೂನು ಹಕ್ಕಿಗಳನ್ನು ಕಾಯುತ್ತಿತ್ತು ಎಂಬುದನ್ನು ಮಗಳ ಪ್ರಾಜೆಕ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ.

ಮರಿಗಳ ಆರೈಕೆಯ ಜಾಗವನ್ನೂ ನೋಡಿದೆವು. ಗಾಳಿಗೆ ಅಥವಾ ಒಡಹುಟ್ಟಿದವುಗಳ ತಳ್ಳಾಟಕ್ಕೆ ಗೂಡಿನಿಂದ ಬಿದ್ದ ಮರಿಯನ್ನು ಮತ್ತೆ ಅಷ್ಟು ಎತ್ತರಕ್ಕೆ ಏರಿಸಲಾಗದು, ತಾಯಿ ಕೆಳಗಿಳಿದು ಉಣಿಸುವುದೂ ಇಲ್ಲ. ಅಂಥವನ್ನು ಜಾಲರಿಯ ಆವರಣದಲ್ಲಿಟ್ಟು, ಮೀನು ಕೊಟ್ಟು, ಹಾರುವಂತಾದ ಮೇಲೆ ಬಿಡುವ ಕೆಲಸವನ್ನು ಊರಿನ ಯುವಕರು ಹೆಜ್ಜಾರ್ಲೆ ಬಳಗ ಎಂಬ ಹೆಸರಿನಲ್ಲಿ ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ. ನಾವು ಹೋದಾಗ ಒಂದು ಹೆಜ್ಜಾರ್ಲೆ ಮರಿ ಇತ್ತು. ಮೈಮೇಲೆ ಹತ್ತಿಯಂಥ ಬಿಳಿ ತುಪ್ಪಳ, ದೇಹಕ್ಕಿಂತ ಕೊಕ್ಕೇ ದೊಡ್ಡದು. ಜಾಲರಿಯ ಹತ್ತಿರ ನಿಂತ ಅಮ್ಮ ನಮ್ಮ ಕೆಂಚನೊಂದಿಗೆ ಮಾತಾಡುವ ದನಿಯಲ್ಲೇ ಅದರೊಂದಿಗೂ ಏನೋ ಮಾತಾಡಿದರು.

ಊರ ಹೊರಗಿನ ತೋಪಿನಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆಯ ಎರಡನೆಯ ತುತ್ತಿಗೆ ಅಮ್ಮ ತಮ್ಮ ತವರಿನ ಮಾತು ತೆಗೆದರು. ಅರಕಲಗೂಡಿನ ಹತ್ತಿರದ ಆ ಹಳ್ಳಿಯಲ್ಲಿ ನಾವು ಮಕ್ಕಳೆಲ್ಲರೂ ಹುಟ್ಟಿದ್ದು. ದೊಡ್ಡಮಾವ ತೀರಿಕೊಂಡ ಮೇಲೆ ಮನೆ ಮಾರಾಟವಾಗಿ, ಆ ಜಾಗದಲ್ಲಿ ಈಗ ಗೋದಾಮು ಇದೆ. ಅಮ್ಮನಿಗೆ ತವರು ಎಂಬುದು ಬಸ್ಸಿನ ಕಿಟಕಿಯಿಂದ ನೋಡಿ ದಾಟುವ ಜಾಗವಾಗಿ ಎಷ್ಟೋ ವರ್ಷವಾಯಿತು. ಆ ಮನೆಯ ಬಾಣಂತಿ ಕೋಣೆಗೆ ಒಂದೇ ಕಿಟಕಿ, ಅದರಾಚೆ ನುಗ್ಗೆಮರ, ನನ್ನನ್ನು ಹೆತ್ತ ನಲವತ್ತು ದಿನವೂ ಆ ಮರಕ್ಕೆ ಬರುವ ಗುಬ್ಬಿಗಳನ್ನು ನೋಡಿಕೊಂಡೇ ಮಲಗಿದ್ದೆ ಎಂದು ಅಮ್ಮ ಹೇಳಿದರು. ನಲವತ್ತೈದು ವರ್ಷದ ನನಗೆ ಈ ಸಂಗತಿ ಅಂದೇ ಮೊದಲ ಬಾರಿಗೆ ಗೊತ್ತಾಗಿದ್ದು. ನುಗ್ಗೆಮರ ಎಷ್ಟು ಎತ್ತರವಿತ್ತು, ಗುಬ್ಬಿ ಎಲ್ಲಿ ಗೂಡು ಕಟ್ಟುತ್ತಿತ್ತು ಎಂದು ಮಗಳು ಒಂದೊಂದಾಗಿ ಕೇಳಿದಳು, ಅಮ್ಮ ಒಂದೊಂದಕ್ಕೂ ಉತ್ತರ ಕೊಟ್ಟರು. ಮೊಸರನ್ನ ಮುಗಿಯುವವರೆಗೂ ಆ ಕೋಣೆಯಲ್ಲೇ ಇದ್ದೆವು.

ಹೊರಡುವ ಮುನ್ನ ಜಗಲಿಯ ಅಜ್ಜಿಗೆ ಹೇಳಿಬರಲು ಹೋದಾಗ ಅವರು ಒಳಗಿನಿಂದ ಒಂದು ಪೊಟ್ಟಣ ತಂದು ಅಮ್ಮನ ಕೈಗಿಟ್ಟರು. ಬೀಜ ತೆಗೆದ ಹೊಸ ಹುಣಸೆಹಣ್ಣು. ಹೊಲದ ಬದುವಿನಲ್ಲಿ ಅವರದ್ದೇ ಇನ್ನೊಂದು ಮರವಿದೆಯಂತೆ. ಅದರಲ್ಲಿ ಗೂಡಿಲ್ಲದ್ದರಿಂದ ಹಣ್ಣು ಇಳಿಸಿದ್ದರು. ಅಮ್ಮ ದುಡ್ಡು ಕೊಡಲು ಹೋದರೆ, "ಹೆಣ್ಮಗಳನ್ನ ಬರಿಗೈಲಿ ಕಳಿಸ್ತಾರಾ?" ಎಂದು ಅಜ್ಜಿ ಅವರ ಕೈಯನ್ನೇ ಮುಚ್ಚಿದರು. ಕಾರು ಹತ್ತುವವರೆಗೂ ಅಮ್ಮ ಆ ಪೊಟ್ಟಣವನ್ನು ಬ್ಯಾಗಿಗೆ ಹಾಕಲು ಕೊಡಲಿಲ್ಲ, ಕೆಂಗೇರಿ ತಲುಪುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮನೆ ತಲುಪಿದಾಗ ಆರೂವರೆ. ನಮ್ಮ ಕಾರಿನ ಸದ್ದಿಗೇ ಎದುರುಮನೆಯ ಗೇಟಿನೊಳಗೆ ಕೆಂಚನ ಕೂಗು ಶುರುವಾಯಿತು. ಬಿಟ್ಟ ಕೂಡಲೇ ಓಡಿಬಂದವನು ನಮ್ಮ ಮೂವರ ಸುತ್ತ ಒಂದೊಂದು ಸುತ್ತು ಹಾಕಿ ನೇರವಾಗಿ ಅಮ್ಮನ ಬಳಿ ಹೋದ. ಅಮ್ಮನ ಚಪ್ಪಲಿಗೆ ಬೆಳ್ಳೂರಿನ ಮಣ್ಣು, ಹಿಕ್ಕೆ ಎರಡೂ ಮೆತ್ತಿಕೊಂಡಿದ್ದವು. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು, ಆಮೇಲೆ ಸೀರೆಯ ಅಂಚು. ಇಷ್ಟನ್ನೂ ಅವನು ಬಾಲ ಆಡಿಸುವುದನ್ನೂ ಮರೆತು, ಅಕ್ಷರ ಕೂಡಿಸಿ ಓದುವ ಮಗುವಿನಂತೆ ನಿಧಾನವಾಗಿ ಮೂಸಿ ನೋಡಿದ. ಅಮ್ಮ ಮೆಟ್ಟಿಲ ಮೇಲೆ ಕುಳಿತು, ಅವನು ಮುಗಿಸುವವರೆಗೂ ಕಾಲು ಕದಲಿಸಲಿಲ್ಲ.

"ಬಾಣಂತಿಯರನ್ನ ನೋಡಿಕೊಂಡು ಬಂದೆ ಕಣೋ" ಎಂದು ಅವನ ಕಿವಿಯ ಹಿಂದೆ ಕೆರೆದರು.

ಹುಣಸೆಹಣ್ಣು ಕಲ್ಲುಪ್ಪಿನೊಂದಿಗೆ ಪಿಂಗಾಣಿ ಜಾಡಿಗೆ ಸೇರಿತು. ಚಪ್ಪಲಿಯನ್ನು ತೊಳೆಯಲು ಮಾತ್ರ ಮಂಗಳವಾರದವರೆಗೂ ಅಮ್ಮ ಬಿಡಲಿಲ್ಲ. ಕೆಂಚ ದಿನಕ್ಕೆ ಮೂರು ನಾಲ್ಕು ಸಲ ಹೋಗಿ ಅದನ್ನು ಮೂಸಿ ಬರುತ್ತಿದ್ದ.