ಸಮುದ್ರದ ಹತ್ತಿರ ಒಂದು ನಮ್ಮ ಸ್ಟೇಷನ್ನು

ಬೆಳಗಾವಿ
7 ಜನವರಿ 2024, ರವಿವಾರ ರಾತ್ರಿ

ಈಗಷ್ಟೇ ಮನೆ ಮುಟ್ಟಿದ್ದೇವೆ. ಗಾಡಿಯ ಅಲುಗಾಟ ಇನ್ನೂ ಮೈಯಲ್ಲೇ ಇದೆ. ಮರೆಯುವ ಮೊದಲು ಬರೆದಿಡಬೇಕು.

ಶುಕ್ರವಾರ ರಾತ್ರಿ ನಾನು, ಅವ್ವ ಇಬ್ಬರೂ ಗೋವಾ ಎಕ್ಸ್‌ಪ್ರೆಸ್ ಹತ್ತಿ ತಮ್ಮನನ್ನು ನೋಡಲು ಹೋಗಿದ್ದೆವು. ಅವನು ಗೋವಾದ ಕಾನ್ಸಾವ್ಲಿಂನಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆ. ಅವ್ವನ ಚೀಲದ ತುಂಬ ರೊಟ್ಟಿ, ಶೇಂಗಾ ಚಟ್ನಿ, ಅರ್ಧ ಕಿಲೋ ಕುಂದಾ. ಎಕ್ಸ್‌ಪ್ರೆಸ್ ಆ ಊರಲ್ಲಿ ನಿಲ್ಲುವುದಿಲ್ಲ. ಮಡಗಾಂವ್‌ನಲ್ಲಿ ಇಳಿದು ವಾಸ್ಕೋ ಕಡೆ ಹೋಗುವ ಪ್ಯಾಸೆಂಜರ್‌ಗೆ ಕಾಯಬೇಕು. ಸುರಾವಲಿ, ಮಜೋರ್ಡಾ, ಆಮೇಲೆ ಕಾನ್ಸಾವ್ಲಿಂ. ಮಜೋರ್ಡಾದಲ್ಲಿ ಕೊಂಕಣ ರೈಲ್ವೆಯ ಹಳಿ ಮುಂಬಯಿ ಕಡೆ ಹೊರಳುತ್ತದೆ, ನಮ್ಮ ಗಾಡಿ ಸಮುದ್ರದ ಕಡೆ.

ತೀರಾ ಸಣ್ಣ ಸ್ಟೇಷನ್ನು. ಎಕ್ಸ್‌ಪ್ರೆಸ್‌ಗಳು ಸುಮ್ನೆ ಹಾದು ಹೋಗುತ್ತವೆ. ಸುತ್ತ ತೆಂಗಿನ ಮರ, ಹೊರಗೆ ಬಂದರೆ ಪೇಟೆ. ಆರೊಸಿಂ ಬೀಚಿಗೆ ನಡೆದೇ ಹೋಗಬಹುದು. ಆದರೆ ನನಗೆ ಬಹಳ ಖುಷಿಯಾದದ್ದು ಬೇರೆ ವಿಷಯಕ್ಕೆ. ಈ ಸ್ಟೇಷನ್ನು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದ್ದು! ಮಡಗಾಂವ್ ಕೊಂಕಣ ರೈಲ್ವೆಯದ್ದು, ಅದನ್ನು ದಾಟಿ ಸಮುದ್ರದ ದಂಡೆಗೆ ಬಂದರೆ ಮತ್ತೆ ನಮ್ಮ ಹುಬ್ಬಳ್ಳಿ. ಪೇಟೆಯಲ್ಲಿ ಮೆಣಸಿನಕಾಯಿ, ಕೋಸು, ಹೂಕೋಸು ಎಲ್ಲ ಬೆಳಗಾವಿಯಿಂದಲೇ ಬಂದದ್ದು. ಅವ್ವ ಒಂದು ಹೂಕೋಸು ಎತ್ತಿ ತಿರುಗಿಸಿ ನೋಡಿ, ನೆಂಟರನ್ನು ಕಂಡವಳ ಹಾಗೆ ನಕ್ಕಳು.

ನಿನ್ನೆ, 6ನೇ ತಾರೀಖು, ಅಲ್ಲಿ ಬಾಲ ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬ. ಕಾನ್ಸಾವ್ಲಿಂ, ಆರೊಸಿಂ, ಕುವೆಲಿಂ, ಈ ಮೂರು ಊರುಗಳಿಂದ ಒಬ್ಬೊಬ್ಬ ಹುಡುಗ ರಾಜನ ವೇಷ ಹಾಕಿಕೊಂಡು ಬೇರೆ ಬೇರೆ ದಾರಿಯಲ್ಲಿ ಗುಡ್ಡ ಹತ್ತುತ್ತಾರೆ. ಮೇಲಿನ ಚರ್ಚಿನ ಹತ್ತಿರ ಮೂವರೂ ಸೇರುತ್ತಾರೆ. ಅವ್ವನಿಗೆ ಮೊಣಕಾಲು ನೋವು, ಅವಳು ಕೆಳಗೇ ಕೂತಳು. ನಾನೂ ತಮ್ಮನೂ ಹತ್ತಿದೆವು. ಗುಡ್ಡದ ಮೇಲೆ ನಿಂತರೆ ಸಮುದ್ರ ಕಾಣುತ್ತದೆ.

ಇವತ್ತು ಮಧ್ಯಾಹ್ನ ವಾಪಸ್ ಬರಲು ಅದೇ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆವು. ಬೆಂಚಿನ ಆ ತುದಿಯಲ್ಲಿ ಒಬ್ಬ ಹೆಂಗಸು ಮಣಿ ಪೋಣಿಸುತ್ತಿದ್ದಳು. ಮಡಿಲಲ್ಲಿ ಸೆರಗು ಹಾಸಿ ಅದರ ಮೇಲೆ ಕೆಂಪು, ಹಸಿರು ಮಣಿಗಳು. ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡುತ್ತಾಳೆ, ಎರಡು ಬೆರಳಲ್ಲಿ ಹೊಸೆದು ಚೂಪು ಮಾಡುತ್ತಾಳೆ, ಮಣಿ ಪೋಣಿಸುತ್ತಾಳೆ. ಕಣ್ಣು ಮಾತ್ರ ಗಾಡಿ ಬರುವ ಕಡೆಗೆ. ನಾವು ಮಾತಾಡುವುದು ಕೇಳಿಸಿತೇನೋ, ತಾನೇ ಕೇಳಿದಳು.

"ಯಕ್ಕಾ, ಬೆಳಗಾಂವ್ ಕಡೇರೇನ್ರಿ?"

"ಹೌದವಾ. ಹ್ಯಾಂಗ ಗೊತ್ತಾತು?"

"ಮಾತ ಹೇಳತಾವಲ್ರಿ."

ಅವಳು ವಿಜಯಪುರ ಕಡೆಯ ಲಂಬಾಣಿ ಹೆಂಗಸು. ಬೀಚಿನಲ್ಲಿ ಸರ ಮಾರುತ್ತಾಳೆ. ಮಡಗಾಂವ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ಬಸ್ಸಿಗೆ ಯಾಕೆ ಹೋಗಲಿಲ್ಲ ಅಂತ ಕೇಳಿದೆ. "ಬಸ್ಸಿನಾಗ ಗಂಟ ಇಡಾಕ ಬಿಡಂಗಿಲ್ರಿ. ಈ ಗಾಡ್ಯಾಗ ಯಾರೂ ಏನೂ ಅನ್ನಂಗಿಲ್ಲ" ಅಂದಳು. ಪ್ಯಾಸೆಂಜರ್ ಗಾಡಿ ಅಂದರೆ ಇದೇ ಅಲ್ವಾ? ಗಂಟು, ಬುಟ್ಟಿ, ಕರಣೆ, ಬಕೆಟ್ಟು, ಎಲ್ಲಕ್ಕೂ ಜಾಗ. ಬೆಂಚಿನ ಮೇಲೆ ಒಂದು ತಾಸು ಕೂತರೆ ಕೊಂಕಣಿಯ ಜೊತೆ ಕನ್ನಡವೂ ಅಷ್ಟೇ ಕಿವಿಗೆ ಬೀಳುತ್ತದೆ.

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಮಾತು ನಿಂತುಹೋಯಿತು. ಅವಳು ಸೆರಗನ್ನು ಮಡಚಿ ಮಣಿಗಳನ್ನು ಮುಚ್ಚಿಕೊಂಡಳು. ಡಬ್ಬಿಯ ಹಿಂದೆ ಡಬ್ಬಿ, ಎಲ್ಲದರಲ್ಲೂ ಕಲ್ಲಿದ್ದಲು. ಮುರಗಾಂವ್ ಬಂದರಿನಲ್ಲಿ ಹಡಗಿನಿಂದ ಇಳಿದು ನಮ್ಮ ಕರ್ನಾಟಕದ ಉಕ್ಕಿನ ಕಾರ್ಖಾನೆಗಳಿಗೆ ಹೋಗುವ ಕಲ್ಲಿದ್ದಲು ಅದು. ಹಳಿಯ ಪಕ್ಕದಲ್ಲೇ ಮನೆಗಳಿವೆ, ಕಟ್ಟೆ ಮೇಲೆ ಕೂತರೆ ಗಾಡಿ ಕಣ್ಣೆದುರೇ ಹೋಗುತ್ತದೆ. ಇಲ್ಲಿ ಜೋಡಿ ಹಳಿ ಬೇಡ ಅಂತ ಊರಿನವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. 2020ರ ನವೆಂಬರ್‌ನಲ್ಲಿ ಇದೇ ಹಳಿಯ ಚಾಂದೋರ್ ಊರಿನಲ್ಲಿ ಜನ ಅದನ್ನು ವಿರೋಧಿಸಿ ರಾತ್ರಿಯಿಡೀ ಹಳಿ ಹತ್ತಿರ ಸೇರಿದ್ದರು. ಘಾಟಿನ ಕಾಡಿನಲ್ಲಿ ಜೋಡಿ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇದನ್ನೆಲ್ಲ ಬೆಳಗಾವಿಯಲ್ಲಿ ಪೇಪರಿನಲ್ಲಿ ಓದುವಾಗ ಗೋವಾದವರ ಜಗಳ ಅಂದುಕೊಂಡಿದ್ದೆ. ಅಲ್ಲ. ಆ ಇದ್ದಲು ಬರುವುದು ನಮ್ಮ ಕಡೆಗೆ, ಆ ಬೆಂಚಿನ ಮೇಲೆ ಕೂತವರು ನಮ್ಮವರು. ಈ ಹಳಿಯ ಮೇಲೆ ಏನೇ ಬದಲಾಗಲಿ, ಪ್ಯಾಸೆಂಜರ್ ಗಾಡಿ ಕಡಿಮೆಯಾಗಬಾರದು. ಇನ್ನೊಂದೆರಡು ಜಾಸ್ತಿಯೇ ಆಗಬೇಕು.

ಗಾಡಿ ಬಂದಾಗ ಅವಳು ಅವ್ವನ ಕೈ ಹಿಡಿದು ಹತ್ತಿಸಿದಳು. ಮಡಗಾಂವ್‌ನಲ್ಲಿ ಇಳಿಯುವಾಗ ಹಸಿರು ಮಣಿಯ ಸರವೊಂದನ್ನು ಅವ್ವನ ಕೈಗಿಟ್ಟಳು. ದುಡ್ಡು ಎಷ್ಟು ಕೊಟ್ಟರೂ ತಗೊಳ್ಳಲಿಲ್ಲ. ಉಳಿದಿದ್ದ ಕುಂದಾವನ್ನು ಅವ್ವ ಅವಳ ಗಂಟಿನೊಳಗೆ ತುರುಕಿದಳು.

ಅಲ್ಲಿಂದ ಎಕ್ಸ್‌ಪ್ರೆಸ್. ಘಾಟಿನ ಬುಡದ ಕುಳೆಂನಲ್ಲಿ ಗಾಡಿಗೆ ಹೆಚ್ಚಿನ ಇಂಜಿನ್ ಹಚ್ಚಿದರು. ಅಲ್ಲಿಂದ ಘಾಟಿನ ಮೇಲಿನ ಕ್ಯಾಸಲ್‌ರಾಕ್‌ವರೆಗೆ 37 ಅಡಿಗೆ 1 ಅಡಿ ಏರು, ದೂಕದೆ ಗಾಡಿ ಹತ್ತುವುದಿಲ್ಲ. ದೂಧಸಾಗರ ಬಂದಾಗ ಡಬ್ಬಿಯಲ್ಲಿದ್ದವರೆಲ್ಲ ಒಂದೇ ಕಿಟಕಿಗೆ ಮುತ್ತಿದರು. ಜನವರಿ ಆದರೂ ನೀರಿತ್ತು. ಈ ಹಳಿಯನ್ನು 1880ರ ದಶಕದಲ್ಲಿ ಹಾಕಿದ್ದು. ಆಗ ಘಾಟಿನ ಕೆಳಗೆ ಪೋರ್ಚುಗೀಸರು, ಮೇಲೆ ಬ್ರಿಟಿಷರು. ಕ್ಯಾಸಲ್‌ರಾಕ್‌ನಲ್ಲಿ ಗಂಟು ಬಿಚ್ಚಿಸಿ ನೋಡುತ್ತಿದ್ದರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. 1955ರಲ್ಲಿ ಗಡಿ ದಾಟುವ ಗಾಡಿಯೇ ನಿಂತಿತ್ತು. ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಆಚೆ ಸಿಕ್ಕಿಕೊಂಡಿದ್ದ ನಮ್ಮ ಜನರ ಅವ್ವಂದಿರು ಏನು ಮಾಡಿರಬೇಕು? ಲೋಂಡಾ ಬರುವವರೆಗೂ ಅದೇ ಯೋಚನೆ.

ಈಗ ತಮ್ಮನ ಫೋನ್ ಬಂತು. "ಮುಟ್ಟಿದ್ರೇನು?" ಅಂದ. ಸಂಕ್ರಾಂತಿಗೆ ರಜೆ ಕೊಟ್ಟಿದ್ದಾರಂತೆ. ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ಸಿಕ್ಕರೆ ಮಡಗಾಂವ್‌ನಲ್ಲಿ ಎಕ್ಸ್‌ಪ್ರೆಸ್ ಹಿಡಿದು ರಾತ್ರಿಗೆ ಇಲ್ಲಿರುತ್ತಾನೆ. ಅವ್ವ ಕೊರಳಲ್ಲಿ ಹಸಿರು ಸರ ಹಾಕಿಕೊಂಡೇ ಅಡುಗೆಮನೆಗೆ ಹೋದಳು. ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಬೇಕಲ್ಲ, ಡಬ್ಬಿ ತೆಗೆದು ಹಿಟ್ಟು ಎಷ್ಟಿದೆ ಅಂತ ನೋಡುತ್ತಿದ್ದಾಳೆ.