ವಿಲೇವಾರಿ ಎಂಬ ಕಾಲಂ

ಸರ್ಕಾರಿ ಸೇವೆಗಳನ್ನು ನಿಗದಿತ ಗಡುವಿನೊಳಗೆ ಕೊಡಬೇಕೆನ್ನುವ ಕರ್ನಾಟಕದ 'ಸಕಾಲ' ಯೋಜನೆಯ ಮಾಸಿಕ ವರದಿ ಸಿದ್ಧಪಡಿಸುವುದು ತಾಲ್ಲೂಕು ಕಚೇರಿಯಲ್ಲಿ ಯಾರೂ ಕೇಳಿ ಪಡೆಯುವ ಕೆಲಸವಲ್ಲ. ಹೊಸಬರ ಮೇಜಿಗೆ ತಾನಾಗಿ ಬಂದು ಬೀಳುತ್ತದೆ. ನನ್ನ ಮೇಜಿಗೂ ಹಾಗೆಯೇ ಬಿತ್ತು. ಸ್ವೀಕೃತಿ, ವಿಲೇವಾರಿ, ಬಾಕಿ, ಅವಧಿ ಮೀರಿದ್ದು, ಮೇಲ್ಮನವಿ ಎಂದು ಐದು ಕಾಲಂ.

2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯ ಜೀವಾಳವೇ ಗಡುವು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ. ಅದು ತಡ ಮಾಡಿದ ಅಧಿಕಾರಿಯಿಂದಲೇ ವಸೂಲಿ. ಆದ್ದರಿಂದ ಪರಿಶೀಲನಾ ಸಭೆಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು 'ಅವಧಿ ಮೀರಿದ್ದು' ಕಾಲಂಗೆ. ನಮ್ಮಲ್ಲಿ ಅದು ಸೊನ್ನೆ. ಮೇಲ್ಮನವಿಯೂ ಸೊನ್ನೆ. 'ಸಾರ್ವಜನಿಕರಿಂದ ಯಾವುದೇ ದೂರು ಇರುವುದಿಲ್ಲ' ಎಂದು ಷರಾ ಬರೆದವನು ನಾನೇ, ಹೆಮ್ಮೆಯಿಂದಲೇ.

ಒಂದು ಮಧ್ಯಾಹ್ನ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಮೂರು ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಮೂರೂ ಆದಾಯ ಪ್ರಮಾಣಪತ್ರದ ಸ್ವೀಕೃತಿಗಳು, ಮೂರಕ್ಕೂ ಬೇರೆ ಬೇರೆ ಸಂಖ್ಯೆ. "ಸ್ವಾಮಿ, ಮೂರು ಸಲವೂ ಮೊಬೈಲಿಗೆ ಮೆಸೇಜ್ ಬಂತು. ಕಾಗದ ಮಾತ್ರ ಬರಲಿಲ್ಲ" ಎಂದರು.

ಕಂಪ್ಯೂಟರಿನಲ್ಲಿ ನೋಡಿದೆ. ಮೊದಲನೆಯದಕ್ಕೆ 'ದಾಖಲೆ ಸಾಲದು', ಎರಡನೆಯದಕ್ಕೆ 'ಹೆಸರು ತಾಳೆಯಾಗುವುದಿಲ್ಲ', ಮೂರನೆಯದಕ್ಕೆ 'ಸ್ಥಳದಲ್ಲಿ ಲಭ್ಯವಿರಲಿಲ್ಲ'. ಮೂರೂ ಗಡುವಿನೊಳಗೇ ತಿರಸ್ಕೃತ. ತಿರಸ್ಕರಿಸಿದ್ದೂ ವಿಲೇವಾರಿಯೇ ತಾನೇ? ಕೈಗೆ ಏನೂ ಸಿಗದ ಈ ಅಜ್ಜಿ ನನ್ನ ವರದಿಯಲ್ಲಿ ಮೂರು ಯಶಸ್ಸುಗಳಾಗಿ ಕುಳಿತಿದ್ದರು. ಮೇಲ್ಮನವಿ ಏಕೆ ಹಾಕಲಿಲ್ಲ ಎಂದು ಕೇಳಿದೆ. "ಹಾಗೆಂದರೇನು?" ಎಂದರು. ಸೊನ್ನೆಯ ಗುಟ್ಟು ಅಲ್ಲಿತ್ತು.

ಅಂದು ಸಂಜೆ ಉಳಿದುಕೊಂಡು ವಿಲೇವಾರಿ ಪಟ್ಟಿಯನ್ನು ಒಡೆದೆ: ಮಂಜೂರಾದದ್ದು ಒಂದು ಕಡೆ, ತಿರಸ್ಕೃತವಾದದ್ದು ಇನ್ನೊಂದು ಕಡೆ, ಪಕ್ಕದಲ್ಲಿ ದಿನಾಂಕ. ತಿರಸ್ಕಾರಗಳೆಲ್ಲ ಗಡುವಿನ ಕೊನೆಯ ಒಂದೆರಡು ದಿನಗಳಲ್ಲೇ ಗುಡ್ಡೆ ಬಿದ್ದಿದ್ದವು. ಸಹೋದ್ಯೋಗಿಗಳನ್ನು ಬೈಯಲು ಮನಸ್ಸಾಗಲಿಲ್ಲ. ಗ್ರಾಮ ಲೆಕ್ಕಿಗರು (ಈಗಿನ ಗ್ರಾಮ ಆಡಳಿತ ಅಧಿಕಾರಿಗಳು) ಚುನಾವಣಾ ಕೆಲಸ, ಬೆಳೆ ಸಮೀಕ್ಷೆ ಎಂದು ಓಡಾಡುತ್ತಿರುತ್ತಾರೆ, ಸ್ಥಳ ಪರಿಶೀಲನೆಯ ವರದಿ ಬರುವುದಿಲ್ಲ. ಕಾದರೆ ಅವಧಿ ಮೀರುತ್ತದೆ, ತಿರಸ್ಕರಿಸಿದರೆ ಯಾರೂ ಕೇಳುವುದಿಲ್ಲ. ಗಡಿಯಾರ ಮಾತ್ರ ನೋಡುವ ಪರಿಶೀಲನೆಗೆ ನೌಕರರು ಗಡಿಯಾರದ ಉತ್ತರವನ್ನೇ ಕೊಟ್ಟಿದ್ದರು. ನಾನಂತೂ ಅದನ್ನು ಕೂಡಿಸಿ ಮೊತ್ತ ಬರೆಯುತ್ತಿದ್ದೆ.

ಅಜ್ಜಿಯ ಸಮಸ್ಯೆ ಬಗೆಹರಿಯಲು ಅರ್ಧ ಗಂಟೆ ಸಾಕಾಯಿತು. ಪಡಿತರ ಚೀಟಿಯಲ್ಲಿ ಗಂಡನ ಹೆಸರು ಸೇರಿತ್ತು, ಆಧಾರ್‌ನಲ್ಲಿ ಇರಲಿಲ್ಲ, ಅಷ್ಟೇ. ನಾಲ್ಕನೇ ಅರ್ಜಿಗೆ ಕಾಗದ ಸಿಕ್ಕಿತು.

ವರದಿಯ ನಮೂನೆ ಬದಲಿಸುವ ಅಧಿಕಾರ ನನಗಿಲ್ಲ. ತಹಶೀಲ್ದಾರರ ಒಪ್ಪಿಗೆ ಪಡೆದು ಒಂದು ಹೆಚ್ಚುವರಿ ಹಾಳೆ ಸೇರಿಸಲು ಶುರು ಮಾಡಿದೆ: ತಿರಸ್ಕಾರದ ಕಾರಣ, ಗಡುವಿಗೆ ಎಷ್ಟು ದಿನ ಉಳಿದಿತ್ತು, ಅದೇ ವ್ಯಕ್ತಿ ಮತ್ತೆ ಅರ್ಜಿ ಹಾಕಿದ್ದಾರೆಯೇ. ಪ್ರತಿ ತಿಂಗಳೂ ಅದನ್ನು ಪಿನ್ ಹೊಡೆದು ಕಳುಹಿಸುತ್ತೇನೆ. ಜಿಲ್ಲೆಯಿಂದ ಒಮ್ಮೆ ಫೋನ್ ಬಂದಿತ್ತು, ಇದನ್ನು ಯಾವ ಆದೇಶದ ಮೇರೆಗೆ ಲಗತ್ತಿಸಿದ್ದೀರಿ ಎಂದು ಕೇಳಲು.