ಕನಸಿನಲ್ಲಿ ಹಡಗು ಕಂಡರೆ ಒಳ್ಳೆಯದೋ ಕೆಟ್ಟದ್ದೋ?

ಕನಸುಗಳ ಬಗ್ಗೆ ಬರೆಯಲು ಶುರು ಮಾಡಿದಂದಿನಿಂದ ಜನ ನನ್ನನ್ನು ಹೆಚ್ಚು ಕೇಳುವುದು ಮೂರು ಕನಸುಗಳನ್ನು: ಹಾವು, ಹಲ್ಲು ಉದುರುವುದು, ಹಡಗು. "ದೊಡ್ಡ ಹಡಗಲ್ಲಿ ಎಲ್ಲಿಗೋ ಹೋಗ್ತಾ ಇದ್ದೆ, ಸುತ್ತ ಬರೀ ನೀರು. ಏನಾದ್ರೂ ಆಗುತ್ತಾ?" ಸಮುದ್ರವನ್ನು ಕಣ್ಣಾರೆ ಕಾಣದವರೂ ಇದನ್ನು ಕೇಳುತ್ತಾರೆ. ಕೇಳುವ ದನಿಯಲ್ಲಿ ಅಳುಕು ಇರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಹಡಗಿನ ಕನಸು ಸಾವಿನ ಮುನ್ಸೂಚನೆಯಲ್ಲ. ವಿದೇಶಕ್ಕೆ ಹೋಗುವ ಯೋಗವೂ ಅಲ್ಲ.

ಸಾವಿನ ಮಾತು ಬಂದಾಗೆಲ್ಲ ಯಾರಾದರೂ ಲಿಂಕನ್ ಅವರ ಕನಸನ್ನು ಎತ್ತುತ್ತಾರೆ. 1865ರ ಏಪ್ರಿಲ್ 14ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಂಪುಟದ ಸಭೆಯಲ್ಲಿ, ಹಿಂದಿನ ರಾತ್ರಿ ಕಂಡ ಕನಸೊಂದನ್ನು ಹೇಳಿದರು. ಇಂಥದ್ದೆಂದು ಬಣ್ಣಿಸಲಾಗದ ವಿಚಿತ್ರ ನೌಕೆಯೊಂದರಲ್ಲಿ ತಾವು ಬಹಳ ವೇಗವಾಗಿ ಸಾಗುತ್ತಿದ್ದರಂತೆ. ಅಂದು ರಾತ್ರಿಯೇ ನಾಟಕಶಾಲೆಯಲ್ಲಿ ಅವರಿಗೆ ಗುಂಡೇಟು ಬಿತ್ತು. ಮರುದಿನ ಬೆಳಿಗ್ಗೆ ತೀರಿಕೊಂಡರು. ಕತೆ ಇಷ್ಟೇ ಆದರೆ ಮೈ ಜುಮ್ಮೆನ್ನುತ್ತದೆ, ನಿಜ.

ಆದರೆ ಆ ಸಭೆಯಲ್ಲಿದ್ದ ನೌಕಾ ಸಚಿವ ಗಿಡಿಯನ್ ವೆಲ್ಸ್ ತಮ್ಮ ದಿನಚರಿಯಲ್ಲಿ ಉಳಿದದ್ದನ್ನೂ ಬರೆದಿಟ್ಟಿದ್ದಾರೆ. ಆ ಕನಸು ಲಿಂಕನ್‌ಗೆ ಹೊಸದಾಗಿರಲಿಲ್ಲ. ಅಂತರ್ಯುದ್ಧದ ದೊಡ್ಡ ಘಟನೆಗಳ ಹಿಂದಿನ ರಾತ್ರಿಗಳಲ್ಲಿ ಮತ್ತೆ ಮತ್ತೆ ಬಂದಿತ್ತು. ಅವರ ಪಡೆ ಸೋತ ಬುಲ್ ರನ್ ಕಾಳಗಕ್ಕೂ ಮೊದಲು ಬಂದಿತ್ತು, ಗೆದ್ದ ಗೆಟಿಸ್‌ಬರ್ಗ್‌ಗೂ ಮೊದಲು ಬಂದಿತ್ತು. ಅಂದು ಲಿಂಕನ್ ಎದುರು ನೋಡುತ್ತಿದ್ದದ್ದು ದಂಡನಾಯಕ ಶೆರ್ಮನ್‌ರಿಂದ ಒಳ್ಳೆಯ ಸುದ್ದಿಯನ್ನು. ನನಗೆ ಇಲ್ಲಿ ಕಾಣುವುದು ಭವಿಷ್ಯವಲ್ಲ, ಕಾಯುತ್ತಿರುವ ಮನಸ್ಸು. ಏನೋ ದೊಡ್ಡದು ಬರಲಿದೆ, ತಡೆಯಲು ನನ್ನಿಂದಾಗದು, ಅದರತ್ತ ವೇಗವಾಗಿ ಹೋಗುತ್ತಿದ್ದೇನೆ. ಯುದ್ಧ ನಡೆಸುತ್ತಿರುವವನ ಈ ಸ್ಥಿತಿಗೆ, ತನ್ನ ಹಿಡಿತದಲ್ಲಿಲ್ಲದ ನೌಕೆಗಿಂತ ಸರಿಯಾದ ಚಿತ್ರ ಯಾವುದಿದೆ? ಹಲವು ಸಲ ಬಂದ ಕನಸಿನಲ್ಲಿ ನಾವು ಕೊನೆಯ ಒಂದನ್ನು ಮಾತ್ರ ನೆನಪಿಟ್ಟುಕೊಂಡು ಅಪಶಕುನ ಎಂದೆವು.

ಪಟ್ಟಿ ಹಿಡಿದು ಅರ್ಥ ಹೇಳುವುದು ಹಳೆಯ ಅಭ್ಯಾಸ. ಎರಡನೇ ಶತಮಾನದ ಗ್ರೀಕ್ ಸ್ವಪ್ನಶಾಸ್ತ್ರಜ್ಞ ಆರ್ಟೆಮಿಡೋರಸ್ ಶಾಂತ ಸಮುದ್ರದ ಯಾನ ಶುಭ, ಬಿರುಗಾಳಿ ಅಶುಭ ಎಂದ. ಆದರೆ ಅವನೂ ಕನಸು ಕಂಡವನ ಕಸುಬೇನು, ಸ್ಥಿತಿಯೇನು ಎಂದು ವಿಚಾರಿಸದೆ ಅರ್ಥ ಹೇಳಬಾರದು ಎನ್ನುತ್ತಿದ್ದ. ಅವನ ಪಟ್ಟಿ ಮಾತ್ರ ಉಳಿದುಕೊಂಡು ಈ ಎಚ್ಚರಿಕೆ ಮರೆತುಹೋದದ್ದು ನನಗೆ ನೋವಿನ ವಿಷಯ. ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಹಡಗನ್ನು ಪೆಟ್ಟಿಗೆ, ಪಾತ್ರೆಗಳ ಸಾಲಿಗೆ ಸೇರಿಸಿ ಗರ್ಭದ ಸಂಕೇತ ಎಂದರು, ಪ್ರಯಾಣ ಹೊರಡುವುದನ್ನು ಸಾವಿನ ಸಂಕೇತ ಎಂದರು. ಒಬ್ಬರದೇ ಮಾತಿನಲ್ಲಿ ಹುಟ್ಟೂ ಸಾವೂ ಒಂದೇ ಹಡಗಿನಲ್ಲಿ ಕೂತಿವೆ. ಫ್ರಾಯ್ಡ್ ಅವರಿಂದ ದೂರವಾಗಿ ತಮ್ಮದೇ ದಾರಿ ಹಿಡಿದ ಮನೋವೈದ್ಯ ಯೂಂಗ್‌ಗೆ ಸಮುದ್ರವೆಂದರೆ ನಮಗೇ ಗೊತ್ತಿರದ ನಮ್ಮ ಮನಸ್ಸಿನ ಆಳ. ಇದನ್ನು ನಾನು ಅರ್ಧ ಒಪ್ಪುತ್ತೇನೆ, ಎಲ್ಲರ ಸಮುದ್ರವೂ ಅಷ್ಟು ಆಳವಾಗಿರಬೇಕಿಲ್ಲ.

ನನ್ನ ಕಣ್ಣು ತೆರೆಸಿದ್ದು ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ಗಮನಿಸಿದ ಒಂದು ಸಂಗತಿ. ಮನೆಗೆ ಬೆಂಕಿ ಬಿದ್ದು ಪಾರಾಗಿ ಬಂದವರ ಕನಸಿನಲ್ಲಿ ಬೆಂಕಿಯೇ ಇರಬೇಕು ಎಂದು ನಾವು ಭಾವಿಸುತ್ತೇವೆ. ಆದರೆ ಅವರಲ್ಲಿ ಕೆಲವರಿಗೆ ದೈತ್ಯ ಅಲೆಯೊಂದು ಬಂದು ಕೊಚ್ಚಿಕೊಂಡು ಹೋದಂತೆ ಕನಸಾಗುತ್ತದೆ. ಮನಸ್ಸು ಘಟನೆಯನ್ನು ಬಿಟ್ಟು ಅದರ ಭಾವವನ್ನು ಹಿಡಿಯುತ್ತದೆ, ಆ ಭಾವಕ್ಕೆ ಹೊಂದುವ ಚಿತ್ರ ಹುಡುಕುತ್ತದೆ.

ಆ ಚಿತ್ರ ಎಲ್ಲಿಂದ ಬರುತ್ತದೆ? ಬಹಳ ಸಲ ನಮ್ಮ ಬಾಯಿಮಾತಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಪ್ರತಿ ಭಾಷೆಗೂ ಅದರದೇ ಕನಸಿನ ಭಾಷೆ ಇದೆ ಎಂಬ, ತಮ್ಮ ಒಡನಾಡಿ ಮನೋವಿಶ್ಲೇಷಕ ಫೆರೆನ್ಸಿಯ ಮಾತನ್ನು ಫ್ರಾಯ್ಡ್ ಮೆಚ್ಚಿ ಉಲ್ಲೇಖಿಸಿದ್ದರು. ಕನ್ನಡದಲ್ಲಿ ದಿನಾ ಆಡುವ ಮಾತುಗಳನ್ನೇ ನೋಡಿ. ನಂಬಿದವರು ನಡುನೀರಿನಲ್ಲಿ ಕೈಬಿಡುತ್ತಾರೆ. ಸಾಲದಲ್ಲಿ ಮುಳುಗುತ್ತೇವೆ. ಮಕ್ಕಳನ್ನು ಒಂದು ದಡ ಸೇರಿಸಿದರೆ ಸಾಕು ಎನ್ನುತ್ತೇವೆ. ತೀರ್ಮಾನ ಮಾಡಲಾಗದವನು ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತಾನೆ. ಮನೆತನದ ಚುಕ್ಕಾಣಿ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುತ್ತದೆ. ಬದುಕನ್ನೇ ಭವಸಾಗರ ಎಂದು ಕರೆದ ನುಡಿ ಇದು. ಹಗಲೆಲ್ಲ ಇಷ್ಟು ನೀರಿನ ಮೇಲೆ ಮಾತಾಡುವವರಿಗೆ ರಾತ್ರಿ ಹಡಗು ಕಂಡರೆ ಅದು ಎಲ್ಲಿಂದಲೋ ಬಂದ ಸಂದೇಶವಾಗಬೇಕಿಲ್ಲ. ಎದ್ದ ಕೂಡಲೇ ಕನಸನ್ನು ಒಂದೇ ವಾಕ್ಯದಲ್ಲಿ ಜೋರಾಗಿ ಹೇಳಿ ನೋಡಿ. "ದಡ ಕಾಣಿಸ್ತಿತ್ತು, ಮುಟ್ಟೋಕೆ ಆಗ್ತಿರಲಿಲ್ಲ." ಎಷ್ಟೋ ಸಲ ಹೇಳುವವರೇ ಅಲ್ಲಿಗೆ ಸುಮ್ಮನಾಗುತ್ತಾರೆ. ಅರ್ಥ ಬಾಯಿಂದಲೇ ಬಂದಿರುತ್ತದೆ.

ಹಾಗಾಗಿ ಹಡಗೆಂದರೆ ಏನು ಎನ್ನುವುದರ ಬದಲು ಹಡಗಿನಲ್ಲಿ ನೀವೆಲ್ಲಿದ್ದಿರಿ ಎಂದು ಕೇಳುತ್ತೇನೆ. ಚುಕ್ಕಾಣಿ ನಿಮ್ಮ ಕೈಯಲ್ಲಿತ್ತೇ, ಕೆಳಗಿನ ಕೋಣೆಯಲ್ಲಿ ಕೂತು ಎಂಜಿನ್ ಸದ್ದು ಕೇಳುತ್ತಿದ್ದಿರೇ, ದಡದಲ್ಲಿ ನಿಂತು ಕೈಬೀಸುತ್ತಿದ್ದಿರೇ? ಜೊತೆಗೆ ಯಾರಿದ್ದರು? ಎಲ್ಲಕ್ಕಿಂತ ಮುಖ್ಯ, ಎದ್ದಾಗ ಮನಸ್ಸು ಹೇಗಿತ್ತು?

ಇದನ್ನು ನಾನು ನನ್ನ ಕನಸಿನಿಂದಲೇ ಕಲಿತದ್ದು. ಹಡಗು ಬಂದರಿನಲ್ಲಿ ನಿಂತಿದೆ, ಹೊರಡುವ ಕೂಗು ಹಾಕಿದೆ. ನಾನು ದಡದಲ್ಲಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಲೇ ಇದ್ದೇನೆ, ಪೆಟ್ಟಿಗೆ ಮುಚ್ಚುತ್ತಿಲ್ಲ. ಹಡಗು ಹೋಗಿಬಿಡುತ್ತದೆ. ಅವಕಾಶ ಕೈತಪ್ಪುವ ಭಯ ಎಂದೇ ತಿಳಿದಿದ್ದೆ. ಆ ದಿನಗಳಲ್ಲಿ ದೂರದ ಕೆಲಸವೊಂದಕ್ಕೆ ಹೋಗಲು ಸಿದ್ಧತೆ ನಡೆದಿತ್ತು, ಹೋಗಲು ಆಸೆಯಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಕನಸನ್ನು ಬರೆದುಕೊಳ್ಳುವಾಗ, ಹಡಗು ಹೋದ ಮೇಲೆ ಏನನ್ನಿಸಿತು ಎಂದು ನೆನಪಿಸಿಕೊಂಡೆ. ಹಾಯೆನಿಸಿತ್ತು. ಕೈ ಹಾಗೇ ನಿಂತಿತು. ನನಗೆ ಹೋಗಲು ಇಷ್ಟವಿರಲಿಲ್ಲ. ಯಾವ ಅರ್ಥಕೋಶವೂ ಇದನ್ನು ನನಗೆ ಹೇಳುತ್ತಿರಲಿಲ್ಲ.

ಇನ್ನು, ಮುಳುಗುವ ಹಡಗಿನ ಕನಸು ವಾರಗಟ್ಟಲೆ ಬಂದು ನಿದ್ದೆಗೆಡಿಸುತ್ತಿದ್ದರೆ ಅರ್ಥ ಹುಡುಕುತ್ತಾ ಕೂರಬೇಡಿ. ಹಗಲು ಎಚ್ಚರವಿರುವಾಗ ಆ ಕನಸನ್ನು ಬರೆದು, ಕೊನೆಯನ್ನು ನಿಮಗೆ ಬೇಕಾದಂತೆ ಬದಲಿಸಿ. ದೋಣಿಯೊಂದು ಬರಲಿ, ನೀರು ಮೊಣಕಾಲಿನಷ್ಟೇ ಆಳವಿರಲಿ. ಆ ಹೊಸ ಕನಸನ್ನು ದಿನಾ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಕಾಣಿ. ಮನೋವೈದ್ಯರು ದುಃಸ್ವಪ್ನಗಳಿಗೆ ನಿಜವಾಗಿ ಬಳಸುವ ವಿಧಾನ ಇದು, ಹಲವರಿಗೆ ಗುಣ ಕೊಟ್ಟಿದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರನ್ನೇ ಕಾಣಿ. ಬರೀ ಒಂದು ಕನಸಿಗಾಗಿ ಹೋಗುವುದೇ ಎಂಬ ಸಂಕೋಚ ಬೇಡ.